ಹಿತ್ತಲ ಪೆಟ್ಟಿಗೆಯಿಂದ ಬಾಟಲಿಗೆ: ಜೇನುತುಪ್ಪ ತೆಗೆಯುವ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ತೆಗೆದ ಜೇನುತುಪ್ಪ ಹುಳಿ ಹಿಡಿದು ಹೋಯಿತು. ಒಟ್ಟು ಎಂಟು ಬಾಟಲಿ. ತೆಗೆದ ದಿನ ನೋಡಲು ಚೆನ್ನಾಗಿಯೇ ಇತ್ತು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ತಿಳಿ. ಮೂರು ವಾರ ಬಿಟ್ಟು ಒಂದು ಬಾಟಲಿಯ ಮುಚ್ಚಳ ತಿರುಗಿಸಿದೆ, ‘ಪುಸ್’ ಅಂತ ಗಾಳಿ ಹೊರಬಂತು. ಮೇಲೆ ನೊರೆ, ಮೂಗಿಗೆ ಹೆಂಡದಂಥ ವಾಸನೆ. ಉಳಿದ ಏಳೂ ಹಾಗೆಯೇ. ಹುಳಗಳ ತಪ್ಪೇನೂ ಇರಲಿಲ್ಲ. ಇನ್ನೊಂದು ಹತ್ತು ದಿನ ಕಾಯಬೇಕಿತ್ತು, ನನಗೆ ತಾಳ್ಮೆ ಇರಲಿಲ್ಲ ಅಷ್ಟೇ.

ಹೂವಿನಿಂದ ಹುಳ ತರುವ ಮಕರಂದದಲ್ಲಿ ಜಾಸ್ತಿ ಇರುವುದು ನೀರೇ. ಕೆಲವು ಹೂವುಗಳ ಮಕರಂದದಲ್ಲಂತೂ ನೂರಕ್ಕೆ 80 ಪಾಲು ನೀರು. ಅದನ್ನು ಹುಳಗಳು ಬಾಯಿಂದ ಬಾಯಿಗೆ ದಾಟಿಸುತ್ತವೆ, ಗೂಡಿನ ಪುಟ್ಟ ಮೇಣದ ಕೋಶಗಳಲ್ಲಿ, ಅಂದರೆ ಕಣಗಳಲ್ಲಿ, ತೆಳ್ಳಗೆ ಹರಡುತ್ತವೆ, ರಾತ್ರಿಯೆಲ್ಲ ರೆಕ್ಕೆ ಬೀಸಿ ಒಣಗಿಸುತ್ತವೆ. ನೀರು ನೂರಕ್ಕೆ 18ರ ಆಸುಪಾಸಿಗೆ ಇಳಿದ ಮೇಲೆ ಕಣದ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಅಲ್ಲಿಗೆ ತುಪ್ಪ ಮಾಗಿದಂತೆ. ನೀರು 20 ದಾಟಿದ್ದರೆ, ತುಪ್ಪದಲ್ಲಿ ಮೊದಲಿನಿಂದಲೂ ಸುಮ್ನೆ ಕೂತಿರುವ ಯೀಸ್ಟ್‌ಗೆ ಜೀವ ಬಂದು ಹುದುಗು ಶುರುವಾಗುತ್ತದೆ. ಆಹಾರಕ್ಕೆ ಸಂಬಂಧಪಟ್ಟ ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನದಂಡವೂ ಬಹುತೇಕ ಎಲ್ಲ ಜೇನಿಗೆ ಇದೇ 20ರ ಗಡಿ ಹಾಕಿದೆ.

ಹಾಗಾಗಿ ಈ ಕೆಲಸವನ್ನು ನಾನು ನೀರಿನ ಲೆಕ್ಕ ಅಂತಲೇ ನೋಡುತ್ತೇನೆ. ಹುಳಗಳು ಅಷ್ಟು ಕಷ್ಟಪಟ್ಟು ಕಳೆದ ನೀರನ್ನು ನಾವು ಯಾವ ಹಂತದಲ್ಲೂ ವಾಪಸ್ ಸೇರಿಸಬಾರದು. ಕೆಳಗೆ ಬರುವ ಮಾತುಗಳಲ್ಲಿ ಮುಕ್ಕಾಲು ಪಾಲು ಇದೊಂದಕ್ಕೇ.

ಮಾಗಿದೆಯಾ ಅಂತ ನೋಡುವುದು

ಪೆಟ್ಟಿಗೆಯಲ್ಲಿ ಕೆಳಗಿನದು ಸಂಸಾರ ಕೋಣೆ. ರಾಣಿ, ಮೊಟ್ಟೆ, ಮರಿ, ಪರಾಗ ಎಲ್ಲ ಅಲ್ಲಿ. ಮೇಲಿನದು ತುಪ್ಪದ ಕೋಣೆ, ಸೂಪರ್ ಅಂತಲೂ ಕರೆಯುತ್ತಾರೆ. ನಾವು ಕೈ ಹಾಕುವುದು ಮೇಲಿನದಕ್ಕೆ ಮಾತ್ರ.

ಹೂವಿನ ಕಾಲ ಮುಗಿಯುತ್ತಾ ಬಂದಾಗ ಮೇಲಿನ ಕೋಣೆಯಿಂದ ಒಂದು ಫ್ರೇಮು ಎತ್ತಿ ನೋಡಿ. ಫ್ರೇಮು ಅಂದರೆ ಚೌಕಟ್ಟು, ಅದರೊಳಗೆ ಹುಳಗಳು ಕಟ್ಟಿದ ಕಣಗಳ ಹಲ್ಲೆಯೇ ಎರಿ. ಎರಿಯ ಎರಡೂ ಬದಿಯಲ್ಲಿ ನೂರಕ್ಕೆ 80 ಪಾಲಾದರೂ ಕಣಗಳಿಗೆ ಮುಚ್ಚಳ ಬಿದ್ದಿರಬೇಕು. ತುಪ್ಪದ ಮುಚ್ಚಳ ಬಿಳಿ ಅಥವಾ ತಿಳಿ ಹಳದಿ, ಚಪ್ಪಟೆ, ಸ್ವಲ್ಪ ಸುಕ್ಕು ಸುಕ್ಕು. ಮರಿಯ ಮುಚ್ಚಳ ಕಂದು, ಮೇಲೆ ಉಬ್ಬಿರುತ್ತದೆ, ಮುಟ್ಟಿದರೆ ಒರಟು. ಒಂದೆರಡು ಸಲ ನೋಡಿದರೆ ಆಮೇಲೆ ಗೊಂದಲವೇ ಆಗುವುದಿಲ್ಲ.

ಮುಚ್ಚಳವಿಲ್ಲದ ಕಣಗಳ ಕತೆ ಏನು? ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಪೆಟ್ಟಿಗೆಯ ಮೇಲೆಯೇ ಫ್ರೇಮನ್ನು ಅಡ್ಡಡ್ಡ ಹಿಡಿಯಿರಿ, ಎರಿಯ ಒಂದು ಮುಖ ನೆಲ ನೋಡುವ ಹಾಗೆ. ಒಂದೇ ಸಲ ಕೆಳಕ್ಕೆ ಜೋರಾಗಿ ಕೊಡವಿ, ತಟ್ಟನೆ ನಿಲ್ಲಿಸಿ. ಹನಿ ಹನಿಯಾಗಿ ಸಿಡಿಯಿತೋ, ಅದಿನ್ನೂ ಮಕರಂದ. ಫ್ರೇಮನ್ನು ಇದ್ದ ಜಾಗಕ್ಕೇ ಇಳಿಸಿ ಒಂದು ವಾರ ಮರೆತುಬಿಡಿ. ಏನೂ ಬೀಳದಿದ್ದರೆ ಆ ಕಣಗಳೂ ಹೆಚ್ಚುಕಡಿಮೆ ಮಾಗಿವೆ. ಹೊಸ ಎರಿಯಾಗಿದ್ದರೆ ಮಾತ್ರ ಇಷ್ಟು ಜೋರು ಬೇಡ, ಎರಿಯೇ ಕಳಚಿ ಕಾಲ ಮೇಲೆ ಬಿದ್ದೀತು.

ರಿಫ್ರಾಕ್ಟೋಮೀಟರ್ ಅಂತ ಅಂಗೈಯಷ್ಟು ಉದ್ದದ ಸಾಧನ ಸಿಗುತ್ತದೆ. ಗಾಜಿನ ಮೇಲೆ ಒಂದು ಹನಿ ತುಪ್ಪ ಸವರಿ ಬೆಳಕಿಗೆ ಹಿಡಿದರೆ ನೀರಿನ ಅಂಶ ಒಳಗಿನ ಅಳತೆಪಟ್ಟಿಯಲ್ಲಿ ಕಾಣುತ್ತದೆ. ಜೇನಿಗೆಂದೇ ಮಾಡಿದ್ದನ್ನು ಕೊಳ್ಳಿ. ಹಣ್ಣಿನ ರಸ ಅಳೆಯುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎರಡು ಮೂರು ಪೆಟ್ಟಿಗೆ ಇರುವವರಿಗೆ ಇದು ಕಡ್ಡಾಯವೇನಲ್ಲ. ಆದರೆ ಎಂಟು ಬಾಟಲಿ ಚೆಲ್ಲಿದ ಮೇಲೆ ನಾನಂತೂ ಕೊಂಡೆ. ನಮ್ಮ ನಾಡಿನದೇ ಆದ ತುಡುವೆ ಜೇನು ಸಾಕಿದವರಿಗೆ ಇದರ ಉಪಯೋಗ ಜಾಸ್ತಿ. ತುಡುವೆಯ ತುಪ್ಪ, ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನಿನ ತುಪ್ಪಕ್ಕಿಂತ ಸಾಮಾನ್ಯವಾಗಿ ತೆಳುವು, ಮುಚ್ಚಳ ಬಿದ್ದ ಮೇಲೂ ಕೆಲವೊಮ್ಮೆ 20ರ ಮೇಲೇ ಇರುತ್ತದೆ. ಅಂಥದ್ದನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಖಾಲಿ ಮಾಡುವುದು ಕ್ಷೇಮ.

ಇನ್ನೆರಡು ಮಾತು. ಸಕ್ಕರೆ ಪಾನಕ ಕೊಡುತ್ತಿರುವಾಗ ತುಂಬಿದ ಎರಿ ತೆಗೆಯಬೇಡಿ. ನೋಡಲು ತುಪ್ಪವೇ, ಒಳಗಿರುವುದು ನಿಮ್ಮದೇ ಸಕ್ಕರೆ. ಹುಳಗಳ ಮೈಗೆ ಹತ್ತುವ ನುಸಿಗೆ ಔಷಧಿ ಹಾಕಿದಾಗ ಪೆಟ್ಟಿಗೆಯ ಮೇಲಿದ್ದ ತುಪ್ಪವೂ ಬೇಡ. ಆಯಾ ಔಷಧಿಯ ಚೀಟಿಯಲ್ಲಿ ಏನು ಬರೆದಿದೆಯೋ ಅದೇ ಕೊನೆಯ ಮಾತು.

ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು

ಸಂಸಾರ ಕೋಣೆಯ ತುಪ್ಪ ಹುಳಗಳದ್ದು. ಅಲ್ಲಿ ಮರಿ ಎರಿಯ ನೆತ್ತಿಯಲ್ಲಿ ಕಮಾನಿನ ಹಾಗೆ ತುಪ್ಪ ಇರುತ್ತದೆ, ಅದನ್ನು ಮುಟ್ಟಬೇಡಿ. ಮೊದಲ ವರ್ಷದ ಕುಟುಂಬವಾದರೆ ಬಹಳ ಸಲ ಏನೂ ತೆಗೆಯದೆ ಬಿಡುವುದೇ ಸರಿ.

ಮುಂದೆ ಬರುವುದು ಏನು ಅನ್ನುವುದರ ಮೇಲೆ ಲೆಕ್ಕ ಹಾಕಿ. ಉದ್ದನೆಯ ಚಳಿಗಾಲವೋ, ತಿಂಗಳುಗಟ್ಟಲೆ ಮಳೆಯೋ, ಹೂವಿಲ್ಲದ ಒಣ ಬೇಸಿಗೆಯೋ, ಆ ಅವಧಿಯನ್ನು ಅವು ಕೂಡಿಟ್ಟದ್ದರಲ್ಲೇ ಕಳೆಯಬೇಕು. ಹೂವಿನ ಕಾಲ ಇನ್ನೂ ಒಂದು ಸುತ್ತು ಬಾಕಿ ಇದ್ದರೆ ಧಾರಾಳವಾಗಿ ತೆಗೆಯಬಹುದು. ಇದೇ ಕೊನೆ ಅಂತಾದರೆ ಮೇಲಿನ ಕೋಣೆಯಲ್ಲೂ ಮೂರರಲ್ಲಿ ಒಂದು ಪಾಲು ಬಿಡುವುದು ನನ್ನ ರೂಢಿ. ಪೂರ್ತಿ ದೋಚಿ ಆಮೇಲೆ ಪಾನಕ ಇಟ್ಟು ಸಾಕುವವರೂ ಇದ್ದಾರೆ. ತುಡುವೆಗೆ ಆ ಆಟ ನಡೆಯುವುದಿಲ್ಲ. ಹಸಿವಾದರೆ ಒಂದು ಬೆಳಗ್ಗೆ ಪೆಟ್ಟಿಗೆ ಖಾಲಿ ಮಾಡಿ ಹೊರಟೇಬಿಡುತ್ತದೆ.

ಹಿಂದಿನ ದಿನದ ತಯಾರಿ

ಮುಖಪರದೆ, ಉದ್ದ ತೋಳಿನ ತಿಳಿ ಬಣ್ಣದ ಬಟ್ಟೆ, ಹೊಗೆತಿದಿ, ಪೆಟ್ಟಿಗೆ ಮೀಟುವ ಉಳಿ, ಮೃದುವಾದ ಬ್ರಷ್, ಮುಚ್ಚಳವಿರುವ ಒಂದು ಖಾಲಿ ಪೆಟ್ಟಿಗೆ ಅಥವಾ ಡಬ್ಬ. ಇವು ಹೊರಗಿನ ಕೆಲಸಕ್ಕೆ. ಒಳಗಿನ ಕೆಲಸಕ್ಕೆ ಉದ್ದನೆಯ ಚಾಕು, ಅಗಲ ತಟ್ಟೆ, ತುಪ್ಪ ತೆಗೆಯುವ ಯಂತ್ರ, ಜರಡಿ, ಬಕೆಟ್ಟು, ಬಾಟಲಿ. ಪಾತ್ರೆಗಳೆಲ್ಲ ಸ್ಟೀಲು, ಗಾಜು, ಇಲ್ಲವೇ ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ಕು. ಜೇನುತುಪ್ಪ ಹುಳಿ ಗುಣದ್ದು, ಕಬ್ಬಿಣ, ತಾಮ್ರ, ಸತು ಬಳಿದ ತಗಡನ್ನು ತಿನ್ನುತ್ತದೆ.

ಎಲ್ಲವನ್ನೂ ಹಿಂದಿನ ದಿನವೇ ತೊಳೆದು ಬೋರಲು ಹಾಕಿ. ಬೆಳಗ್ಗೆ ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಯಂತ್ರದ ನಲ್ಲಿಯೊಳಗೆ, ಬಾಟಲಿಯ ತಳದಲ್ಲಿ ನಾಲ್ಕು ಹನಿ ನೀರು ನಿಂತಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಬೆರಳಿಗೆ ಬಟ್ಟೆ ಸುತ್ತಿ ಒಳಗೆ ತಿರುಗಿಸಿ ನೋಡಿ.

ಕೋಣೆಯ ವಿಚಾರ ಇನ್ನೂ ಮುಖ್ಯ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚುವಂತಿರಬೇಕು. ಬಯಲಲ್ಲಿ, ಜಗಲಿಯಲ್ಲಿ ತುಪ್ಪ ತೆಗೆಯುತ್ತೇನೆ ಅಂದುಕೊಂಡರೆ ಕಾಲು ಗಂಟೆಯಲ್ಲಿ ಊರಿನ ಜೇನೆಲ್ಲ ನೆಂಟರಾಗಿ ಬರುತ್ತವೆ.

ಪೆಟ್ಟಿಗೆ ತೆರೆಯುವುದು

ಬಿಸಿಲಿರುವ ದಿನ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನದ ಒಳಗೆ ಶುರು ಮಾಡಿ. ಆಗ ವಯಸ್ಸಾದ ಹುಳಗಳು ಹೂವಿಗೆ ಹೋಗಿರುತ್ತವೆ. ಚುಚ್ಚುವುದರಲ್ಲಿ ಅವೇ ಮುಂದು. ಮೋಡ, ಗಾಳಿ, ಗುಡುಗು ಇದ್ದರೆ ಎಲ್ಲವೂ ಮನೆಯಲ್ಲಿರುತ್ತವೆ, ಸಿಟ್ಟೂ ಜಾಸ್ತಿ. ಮಳೆ ಬಿದ್ದ ಮರುದಿನವೂ ಬೇಡ. ತೇವದ ಗಾಳಿಯಿಂದ ತುಪ್ಪ ನೀರು ಹೀರುತ್ತದೆ.

ಹೊಗೆತಿದಿಗೆ ಒಣ ತೆಂಗಿನ ನಾರು, ಹಳೇ ಗೋಣಿ ತುಂಡು, ಒಣ ಎಲೆ ಯಾವುದಾದರೂ ಸರಿ. ಚೆನ್ನಾಗಿ ಕೆಂಡ ಹಿಡಿದ ಮೇಲೆ ಮೇಲೊಂದು ಹಿಡಿ ಹಸಿ ಹುಲ್ಲು ಇಡಿ. ಹೊಗೆಯನ್ನು ನಿಮ್ಮ ಮುಂಗೈಗೆ ಬಿಟ್ಟು ನೋಡಿ. ತಣ್ಣಗೆ, ಬೆಳ್ಳಗೆ, ದಟ್ಟವಾಗಿ ಬರಬೇಕು. ಬಿಸಿ ತಾಗಿದರೆ ಹುಳಗಳ ರೆಕ್ಕೆ ಸುಡುತ್ತದೆ ಅಂತಲೇ ಅರ್ಥ.

ಬಾಗಿಲಿಗೆ ಎರಡು ಮೂರು ಸಲ ಹೊಗೆ ಕೊಟ್ಟು ಒಂದೆರಡು ನಿಮಿಷ ನಿಲ್ಲಿ. ಹೊಗೆ ಎರಡು ಕೆಲಸ ಮಾಡುತ್ತದೆ. ಬೆಂಕಿ ಬಂತೆಂದು ಹುಳಗಳು ಹೊಟ್ಟೆ ತುಂಬ ತುಪ್ಪ ಕುಡಿದು ಮೆತ್ತಗಾಗುತ್ತವೆ. ಒಂದು ಹುಳ ಚುಚ್ಚಿದಾಗ ಉಳಿದವನ್ನು ಕರೆಯುವ ವಾಸನೆಯೂ ಹೊಗೆಯಲ್ಲಿ ಮುಚ್ಚಿಹೋಗುತ್ತದೆ. ಆ ವಾಸನೆ ಮಾಗಿದ ಬಾಳೆಹಣ್ಣಿನ ಹಾಗಿರುತ್ತದೆ. ಪೆಟ್ಟಿಗೆ ಹತ್ತಿರ ಬಾಳೆಹಣ್ಣಿನ ವಾಸನೆ ಬಂದರೆ ಕೈ ನಿಲ್ಲಿಸಿ, ಹೊಗೆ ಕೊಡಿ. ಅಂದಹಾಗೆ, ತುಪ್ಪದ ಕೋಣೆಯೊಳಕ್ಕೆ ಸುಮ್ಮನೆ ತಿದಿ ಒತ್ತುತ್ತಾ ಇರಬೇಡಿ. ಮುಚ್ಚಳ ತೆರೆದ ಕಣಗಳಿಗೆ ಹೊಗೆಯ ರುಚಿ ಹತ್ತುತ್ತದೆ.

ಚುಚ್ಚಿದರೆ ಉಗುರಿನಿಂದಲೋ ಉಳಿಯ ಅಂಚಿನಿಂದಲೋ ಮುಳ್ಳನ್ನು ತಕ್ಷಣ ಕೆರೆದು ತೆಗೆಯಿರಿ. ಮುಳ್ಳಿನ ಜೊತೆ ಬಂದ ವಿಷದ ಚೀಲ ಒತ್ತುತ್ತಲೇ ಇರುತ್ತದೆ, ಅದಕ್ಕೇ ಅವಸರ. ಆ ಜಾಗದಲ್ಲಿ ಊತ, ತುರಿಕೆ ಸಾಮಾನ್ಯ. ಉಸಿರು ಕಟ್ಟುವುದು, ನಾಲಿಗೆ ತುಟಿ ಊದುವುದು, ತಲೆ ತಿರುಗುವುದು, ಮೈಯೆಲ್ಲ ದದ್ದು ಬಂದರೆ ಅದು ಅಲರ್ಜಿ. ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮೊದಮೊದಲು ಒಬ್ಬರೇ ಈ ಕೆಲಸಕ್ಕೆ ಇಳಿಯದಿರುವುದು ಒಳ್ಳೆಯದು.

ಎರಿಯಿಂದ ಹುಳ ಬಿಡಿಸುವುದು

ಒಂದೆರಡು ಪೆಟ್ಟಿಗೆಗೆ ಬ್ರಷ್ ಸಾಕು. ಅಂಚಿನ ಫ್ರೇಮಿನಿಂದ ಶುರು ಮಾಡಿ. ಉಳಿಯಲ್ಲಿ ಮೆಲ್ಲಗೆ ಮೀಟಿ, ನೇರ ಮೇಲಕ್ಕೆ ಎತ್ತಿ. ಪೆಟ್ಟಿಗೆಯ ಬಾಗಿಲ ಮುಂದೆ ಹಿಡಿದು ಒಂದು ಸಲ ಕೊಡವಿದರೆ ಮುಕ್ಕಾಲು ಹುಳ ಉದುರುತ್ತವೆ. ಉಳಿದವನ್ನು ಕೆಳಗಿನಿಂದ ಮೇಲಕ್ಕೆ ಹಗುರಾಗಿ ಸವರಿ. ಮೇಲಿನಿಂದ ಒತ್ತಿ ಗುಡಿಸಿದರೆ ಕಾಲು ಸಿಕ್ಕಿಕೊಂಡು ರೇಗುತ್ತವೆ. ಫ್ರೇಮಿನಲ್ಲಿ ಮರಿ ಕಂಡರೆ, ಅದರಲ್ಲಿ ಎಷ್ಟೇ ತುಪ್ಪವಿರಲಿ, ವಾಪಸ್ ಇಡಿ.

ಇನ್ನೊಂದು ದಾರಿ ಬೀ ಎಸ್ಕೇಪ್ ಅನ್ನುವ ಹಲಗೆ. ಇದನ್ನು ಹಿಂದಿನ ದಿನವೇ ಎರಡು ಕೋಣೆಗಳ ನಡುವೆ ಇಡಬೇಕು. ಇದರಲ್ಲಿ ಹುಳ ಕೆಳಗಿಳಿಯಬಹುದು, ಮೇಲೆ ಬರುವ ದಾರಿ ಸಿಗುವುದಿಲ್ಲ. 24 ಗಂಟೆಯಲ್ಲಿ ಮೇಲಿನ ಕೋಣೆ ಹೆಚ್ಚುಕಡಿಮೆ ಖಾಲಿ. ಮೇಲೆ ಮರಿ ಇದ್ದರೆ ಮಾತ್ರ ಇದು ನಡೆಯುವುದಿಲ್ಲ, ದಾದಿ ಹುಳಗಳು ಮರಿ ಬಿಟ್ಟು ಕದಲುವುದಿಲ್ಲ. ಎರಡು ದಿನಕ್ಕಿಂತ ಜಾಸ್ತಿ ಬಿಟ್ಟರೂ ತೊಂದರೆ. ಕೆಲವು ಹುಳಗಳು ದಾರಿ ಕಂಡುಹಿಡಿದುಬಿಡುತ್ತವೆ, ಕಾವಲಿಲ್ಲದ ತುಪ್ಪಕ್ಕೆ ಇರುವೆಯೂ ಬರುತ್ತದೆ.

ತೆಗೆದ ಪ್ರತಿ ಫ್ರೇಮನ್ನೂ ಆ ಕ್ಷಣವೇ ಡಬ್ಬಕ್ಕೆ ಹಾಕಿ ಬಟ್ಟೆ ಮುಚ್ಚಿ. ನೆಲಕ್ಕೆ ಬಿದ್ದ ತುಪ್ಪದ ಚೂರು ಎತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಮ್ಮೆ ವಾಸನೆ ಹಿಡಿದರೆ ಬೇರೆ ಗೂಡಿನ ಹುಳಗಳು ಲೂಟಿಗೆ ಬರುತ್ತವೆ. ಬಾಗಿಲಲ್ಲಿ ಹುಳಗಳು ಒಂದನ್ನೊಂದು ಕಚ್ಚಿಕೊಂಡು ಉರುಳುವುದು ಕಂಡರೆ ಲೂಟಿ ಶುರುವಾಗಿದೆ. ಪೆಟ್ಟಿಗೆ ಮುಚ್ಚಿ, ಒಂದೆರಡು ಹುಳ ಮಾತ್ರ ನುಸುಳುವಷ್ಟು ಬಾಗಿಲು ಕಿರಿದು ಮಾಡಿ. ಅವತ್ತಿಗೆ ಕೆಲಸ ಮುಗಿಯಿತು.

ಮುಚ್ಚಳ ಕೊಯ್ದು ತಿರುಗಿಸುವುದು

ಅವತ್ತೇ ತೆಗೆಯಿರಿ. ಪೆಟ್ಟಿಗೆಯಿಂದ ಬಂದ ಎರಿ ಬೆಚ್ಚಗಿರುತ್ತದೆ, ತುಪ್ಪ ಸಲೀಸಾಗಿ ಹರಿಯುತ್ತದೆ. ರಾತ್ರಿ ಕಳೆದರೆ ಗಟ್ಟಿಯಾಗಿ ಸತಾಯಿಸುತ್ತದೆ.

ತಟ್ಟೆಯ ಮೇಲೆ ಫ್ರೇಮನ್ನು ನಿಲ್ಲಿಸಿ, ನಿಮ್ಮ ಎದುರಿನ ಮುಖವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಹೀಗೆ ಬಾಗಿಸಿದರೆ ಕೊಯ್ದ ಮೇಣ ಎರಿಗೆ ಅಂಟದೆ ತಾನೇ ತಟ್ಟೆಗೆ ಬೀಳುತ್ತದೆ. ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಪ್ರತಿ ಸಲವೂ ಒಣಗುವ ಹಾಗೆ ಒರೆಸಿ, ಗರಗಸದ ಹಾಗೆ ಹಿಂದೆ ಮುಂದೆ ಆಡಿಸುತ್ತಾ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಕೈ ಚಾಕುವಿನ ದಾರಿಯಲ್ಲಿ ಇರಬಾರದು. ಚಾಕು ಸರಿಯಾದ ಆಳದಲ್ಲಿ ಸಾಗಿದರೆ ಗೊತ್ತಾಗುತ್ತದೆ. ಮುಚ್ಚಳದ ಪದರ ದೋಸೆಯ ಹಾಗೆ ಒಂದೇ ಹಾಳೆಯಾಗಿ ಮಡಚಿಕೊಂಡು ಇಳಿಯುತ್ತದೆ, ಅದರ ಹಿಂದೆಯೇ ಸಾಲು ಸಾಲು ಕಣಗಳು ಹೊಳೆಯುತ್ತಾ ತೆರೆದುಕೊಳ್ಳುತ್ತವೆ. ಚಾಕು ತಲುಪದ ತಗ್ಗುಗಳನ್ನು ಫೋರ್ಕಿನ ಮೊನೆಯಲ್ಲಿ ಗೀರಿದರೆ ಸಾಕು.

ತುಪ್ಪ ತೆಗೆಯುವ ಯಂತ್ರದ ಹಿಂದಿನ ಯೋಚನೆ 1865ರಷ್ಟು ಹಳೆಯದು. ಫ್ರಾಂಜ್ ಫಾನ್ ಹ್ರುಷ್ಕಾ ಎಂಬವರು ಆ ವರ್ಷ ಅದನ್ನು ಜೇನು ಸಾಕುವವರ ಮುಂದಿಟ್ಟರು. ಮಗ ಎರಿ ಇಟ್ಟ ಬುಟ್ಟಿಯನ್ನು ಗಿರಗಿರ ತಿರುಗಿಸಿದಾಗ ತುಪ್ಪ ಹೊರಗೆ ಸಿಡಿದದ್ದು ನೋಡಿ ಹೊಳೆಯಿತು ಅಂತ ಕತೆಯಿದೆ. ನಿಜವೋ ಸುಳ್ಳೋ, ಯಂತ್ರ ಮಾಡುವುದು ಅದನ್ನೇ. ಎರಿ ಒಡೆಯದೆ ತುಪ್ಪ ಮಾತ್ರ ಹೊರಗೆ ಬರುತ್ತದೆ. ಒಂದು ಕಿಲೋ ಮೇಣ ಮಾಡಲು ಹುಳಗಳಿಗೆ ಹಲವು ಕಿಲೋ ತುಪ್ಪ ಖರ್ಚಾಗುತ್ತದೆ. ಎರಿ ಉಳಿಸಿಕೊಟ್ಟರೆ ಅಷ್ಟು ತುಪ್ಪ ಮುಂದಿನ ಸಲ ಬಂದ ಹಾಗೆಯೇ ಅಲ್ವಾ?

ಎದುರುಬದುರು ಹೆಚ್ಚುಕಡಿಮೆ ಒಂದೇ ತೂಕದ ಫ್ರೇಮು ಹಾಕಿ. ಇಲ್ಲದಿದ್ದರೆ ಯಂತ್ರ ಕೋಣೆಯೆಲ್ಲ ಕುಣಿಯುತ್ತದೆ. ಮನೆಮಟ್ಟಿಗೆ ಸಿಗುವ ಕೈಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಎರಿಯ ಒಂದೇ ಬದಿ ಖಾಲಿಯಾಗುತ್ತದೆ. ಅದಕ್ಕೆ ಮೊದಲ ಬದಿಯನ್ನು ನಿಧಾನವಾಗಿ ತಿರುಗಿಸಿ ಅರ್ಧ ಮಾತ್ರ ತೆಗೆಯಿರಿ. ಫ್ರೇಮು ಮಗುಚಿ ಎರಡನೇ ಬದಿಯನ್ನು ಪೂರ್ತಿ ತೆಗೆಯಿರಿ. ಮತ್ತೆ ಮಗುಚಿ ಮೊದಲ ಬದಿಯ ಉಳಿದರ್ಧ. ಮೊದಲೇ ಜೋರಾಗಿ ತಿರುಗಿಸಿದರೆ ಒಳಬದಿಯ ತುಪ್ಪದ ಭಾರಕ್ಕೆ ಎರಿ ಜಾಲರಿಯೊಳಗೆ ನುಗ್ಗಿ ಚಿಂದಿಯಾಗುತ್ತದೆ. ಡ್ರಮ್ಮಿನ ಗೋಡೆಗೆ ಹನಿ ಬಡಿಯುವ ಸದ್ದಿಗೆ ಕಿವಿ ಕೊಡಿ. ಮೊದಲು ದಪ್ಪ ಮಳೆಯ ಹಾಗೆ ಪಟಪಟ, ಆಮೇಲೆ ತುಂತುರು, ಕೊನೆಗೆ ಹಿಡಿಕೆಯ ಕಿರ್ರ್ ಬಿಟ್ಟರೆ ಏನೂ ಇಲ್ಲ. ಆಗ ನಿಲ್ಲಿಸಿ.

ಯಂತ್ರ ಇಲ್ಲದಿದ್ದರೆ

ಒಂದೇ ಪೆಟ್ಟಿಗೆಗೆ ಯಂತ್ರ ಕೊಳ್ಳುವುದು ದಂಡ ಅನ್ನಿಸಬಹುದು, ಸರಿಯೇ. ಮಾಗಿದ ತುಪ್ಪದ ಎರಿಯನ್ನಷ್ಟೇ ಫ್ರೇಮಿನಿಂದ ಕತ್ತರಿಸಿ. ಹೊಸ ಎರಿ ಕಟ್ಟಲು ಗುರುತು ಇರಲಿ ಅಂತ ಮೇಲೆ ಒಂದು ಬೆರಳಿನಷ್ಟು ಬಿಡಿ. ಕತ್ತರಿಸಿದ್ದನ್ನು ಪಾತ್ರೆಯಲ್ಲಿ ಸೌಟಿನಿಂದ ಚೆನ್ನಾಗಿ ಜಜ್ಜಿ, ಜರಡಿಗೆ ಸುರಿದು, ಮುಚ್ಚಿ, ಬೆಚ್ಚಗಿನ ಕೋಣೆಯಲ್ಲಿ ಒಂದು ರಾತ್ರಿ ಬಿಟ್ಟುಬಿಡಿ. ತುಪ್ಪ ತಾನೇ ಇಳಿಯುತ್ತದೆ. ಎರಿ ಹೋಗುತ್ತದೆ, ಅದೊಂದೇ ನಷ್ಟ.

ಮರಿ ಸಮೇತ ಎರಿ ಕಿತ್ತು ಕೈಯಲ್ಲಿ ಹಿಂಡುವುದನ್ನು ಮಾತ್ರ ಯಾರೂ ಮಾಡಬೇಡಿ. ಮರಿಯ ರಸ, ಪರಾಗ, ಕೈಯ ಕೊಳೆ ಎಲ್ಲ ತುಪ್ಪಕ್ಕೆ ಸೇರುತ್ತದೆ. ಆ ತುಪ್ಪ ಬೇಗ ಕೆಡುತ್ತದೆ. ಮುಂದಿನ ತಲೆಮಾರಿನ ಹುಳಗಳನ್ನೂ ಹಿಂಡಿದ ಹಾಗಾಯಿತು.

ಸೋಸಿ ತುಂಬುವುದು

ಮೊದಲು ದೊಡ್ಡ ಕಣ್ಣಿನ ಜರಡಿ, ಕೆಳಗೆ ಸಣ್ಣ ಕಣ್ಣಿನದು. ತೀರಾ ಸಣ್ಣ ಬಟ್ಟೆಯಲ್ಲಿ ಸೋಸಲು ಹೋಗಬೇಡಿ. ಗಂಟೆಗಟ್ಟಲೆ ತೆರೆದಿಟ್ಟಷ್ಟೂ ತುಪ್ಪ ಗಾಳಿಯ ತೇವ ಹೀರುತ್ತದೆ. ಸೋಸಿದ್ದನ್ನು ಬಕೆಟ್ಟಿನಲ್ಲಿ ಬಿಗಿಯಾಗಿ ಮುಚ್ಚಿ ಎರಡು ದಿನ ಅಲುಗಾಡಿಸದೆ ಇಡಿ. ಗಾಳಿಗುಳ್ಳೆ, ಮೇಣದ ಪುಡಿ ಮೇಲೆ ಬಂದು ಬಿಳಿ ನೊರೆಯಾಗಿ ನಿಲ್ಲುತ್ತದೆ. ಅದನ್ನು ಚಮಚದಲ್ಲಿ ತೆಗೆಯಿರಿ. ಈ ನೊರೆ ಹುದುಗಿನದಲ್ಲ, ಹೆದರಬೇಡಿ, ತಿನ್ನಲು ರುಚಿಯಾಗಿಯೇ ಇರುತ್ತದೆ.

ತಳದ ನಲ್ಲಿಯಿಂದ, ಬಾಟಲಿಯನ್ನು ಸ್ವಲ್ಪ ಓರೆ ಹಿಡಿದು, ಗೋಡೆಗುಂಟ ಇಳಿಯುವ ಹಾಗೆ ತುಂಬಿ. ಒಂದು ಲೀಟರ್ ತುಪ್ಪ ಸುಮಾರು 1.4 ಕಿಲೋ ತೂಗುತ್ತದೆ, ಬಾಟಲಿ ಎಷ್ಟು ಬೇಕಾದೀತು ಅಂತ ಇದರಿಂದ ಲೆಕ್ಕ ಹಾಕಬಹುದು. ಮುಚ್ಚಳ ಗಟ್ಟಿ, ಚೀಟಿಯ ಮೇಲೆ ತಾರೀಖು. ಬಿಸಿಲು ಬೀಳದ ಕಪಾಟು.

ಕುದಿಸಬೇಡಿ. ಕೆಡದಿರಲಿ ಅಂತ ಒಲೆಯ ಮೇಲಿಟ್ಟರೆ ಪರಿಮಳವೂ ಕಿಣ್ವಗಳೂ ಹೋಗುತ್ತವೆ, ಸರಿಯಾಗಿ ಮಾಗಿದ ತುಪ್ಪಕ್ಕೆ ಅದರ ಅಗತ್ಯವೂ ಇಲ್ಲ. ತಿಂಗಳು ಕಳೆದು ಹರಳುಗಟ್ಟಿದರೆ ಕಲಬೆರಕೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಗ್ಲೂಕೋಸ್ ಜಾಸ್ತಿ ಇರುವ ಹೂವಿನ ತುಪ್ಪ ಬೇಗ ಹರಳಾಗುತ್ತದೆ, ಅಷ್ಟೇ. ಸುಮಾರು 14 ಡಿಗ್ರಿಯ ತಂಪಿನಲ್ಲಿ ಇನ್ನೂ ಬೇಗ. ಬಾಟಲಿಯನ್ನು 40 ಡಿಗ್ರಿ ಮೀರದ ಬೆಚ್ಚನೆ ನೀರಿನಲ್ಲಿ ಕೂರಿಸಿದರೆ ಮತ್ತೆ ಕರಗುತ್ತದೆ. ನೀರು ಮುಚ್ಚಳದವರೆಗೆ ಬರದಿರಲಿ.

ಹಂಚುವಾಗ ಒಂದು ಮಾತು ಹೇಳಿ ಕೊಡಿ: ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು, ಒಂದು ಹನಿಯೂ ಬೇಡ. ತುಪ್ಪದಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳನ್ನು ತಡೆಯುವ ಶಕ್ತಿ ಆ ಹೊಟ್ಟೆಗೆ ಇನ್ನೂ ಬಂದಿರುವುದಿಲ್ಲ.

ಖಾಲಿ ಎರಿ, ಉಳಿದ ಮೇಣ

ತಿರುಗಿಸಿದ ಎರಿಗಳಲ್ಲಿ ಇನ್ನೂ ತುಪ್ಪದ ಪಸೆ ಇರುತ್ತದೆ. ಅವನ್ನು ಅದೇ ಪೆಟ್ಟಿಗೆಗೆ, ಕತ್ತಲಾಗುವ ಹೊತ್ತಿಗೆ ವಾಪಸ್ ಇಡಿ. ಹಗಲಲ್ಲಿ ಇಟ್ಟರೆ ಲೂಟಿಗೆ ಆಮಂತ್ರಣ. ರಾತ್ರಿಯೊಳಗೆ ನೆಕ್ಕಿ ಒಣಗಿಸಿ ಹರಿದ ಕಣ ರಿಪೇರಿ ಶುರು ಮಾಡುತ್ತವೆ. ಹೂವಿನ ಕಾಲ ಮುಗಿದಿದ್ದರೆ ಕೆಲವು ದಿನ ಬಿಟ್ಟು ಆ ಎರಿಗಳನ್ನು ತೆಗೆದು, 48 ಗಂಟೆ ಫ್ರೀಜರಿನಲ್ಲಿಟ್ಟು, ಆಮೇಲೆ ಗಾಳಿಯಾಡುವ ಬೆಳಕಿನ ಜಾಗದಲ್ಲಿ ತೂಗಿಹಾಕಿ. ಮೇಣದ ಪತಂಗಕ್ಕೆ ಕತ್ತಲೆ ಮತ್ತು ಬೆಚ್ಚಗೆ ಇಷ್ಟ. ಅದರ ಮರಿಹುಳು ಸೇರಿದರೆ ವಾರಗಳಲ್ಲಿ ಎರಿ ಹೋಗಿ ಬಲೆ ಮಾತ್ರ ಉಳಿದಿರುತ್ತದೆ.

ಮುಚ್ಚಳದ ಮೇಣವನ್ನು ಒಂದು ರಾತ್ರಿ ಜರಡಿಯ ಮೇಲಿಟ್ಟರೆ ಇನ್ನಷ್ಟು ತುಪ್ಪ ಇಳಿಯುತ್ತದೆ. ಆಮೇಲೆ ಮೇಣವನ್ನು ನೀರಲ್ಲಿ ತೊಳೆಯಿರಿ. ಆ ಸಿಹಿನೀರನ್ನು ಹೊರಗೆ ಚೆಲ್ಲಬೇಡಿ, ಹುಳ ಮುತ್ತುತ್ತವೆ. ಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ನೇರ ಉರಿಗೆ ಇಟ್ಟರೆ ಬೆಂಕಿ ಹತ್ತಬಹುದು, ಹಾಗಾಗಿ ನೀರಿರುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಹಳೇ ಬಟ್ಟೆಯಲ್ಲಿ ಸೋಸಿ. ತಣ್ಣಗಾದ ಮೇಲೆ ಪಾತ್ರೆ ಬೋರಲು ಹಾಕಿ ತಳಕ್ಕೆ ಎರಡು ತಟ್ಟಿದರೆ ಹಳದಿ ಬಿಲ್ಲೆ ಕೈಗೆ ಬೀಳುತ್ತದೆ. ಅದರಲ್ಲಿ ಒಂದು ತುಂಡನ್ನು ಮುಂದಿನ ಹೂವಿನ ಕಾಲಕ್ಕೆ ಎತ್ತಿಡಿ, ಹೊಸ ಫ್ರೇಮಿನ ಮೇಲ್ಪಟ್ಟಿಗೆ ಉಜ್ಜಲು ಬೇಕಾಗುತ್ತದೆ.